ಸೌದಿಯ ಹಣವೋ, ಕೊರಿಯಾದ ತಾಳ್ಮೆಯೋ? ಇ-ಸ್ಪೋರ್ಟ್ಸ್‌ನಲ್ಲಿ ನಮಗೆ ಹೊಂದುವ ದಾರಿ ಯಾವುದು

ಮುಂಬೈ, ಪುಣೆಯ ಕನ್ನಡ ಸಂಘಗಳಲ್ಲಿ ಯುವ ವಿಭಾಗ ಅಂದರೆ ಕ್ರಿಕೆಟ್ ಟೂರ್ನಮೆಂಟ್, ಥ್ರೋಬಾಲ್, ರಾಜ್ಯೋತ್ಸವಕ್ಕೊಂದು ಡಾನ್ಸ್. ಇಷ್ಟೇ ಸಾಕು ಅನ್ನುವ ಕಾಲ ಮುಗಿಯಿತು. ಹುಡುಗರು ಇ-ಸ್ಪೋರ್ಟ್ಸ್, ಅಂದರೆ ಟೂರ್ನಮೆಂಟ್ ಮಾಡಿ ಆಡುವ ವಿಡಿಯೊ ಗೇಮ್, ಬೇಕು ಅನ್ನುತ್ತಾರೆ, ಹಿರಿಯರು "ಮೊಬೈಲ್ ಆಡೋಕೆ ಸಂಘದ ಹಾಲ್ ಯಾಕೆ?" ಅನ್ನುತ್ತಾರೆ. ಹಿರಿಯರಿಗೆ ಹೇಳಬೇಕಾದ ಮಾತು ಒಂದಿದೆ. 2025ರ ಮೇ 1ರಿಂದ 4ರವರೆಗೆ ಇದೇ ಮುಂಬೈಯ ಬಿಕೆಸಿಯಲ್ಲಿ, ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್‌ನಲ್ಲಿ, ಕೇಂದ್ರ ಸರಕಾರ ವೇವ್ಸ್ ಸಮ್ಮೇಳನ ನಡೆಸಿತು. ಸಿನಿಮಾ, ಅನಿಮೇಷನ್, ಸಂಗೀತದ ಜೊತೆಗೆ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್ ಕೂಡ ಅದರ ಭಾಗವಾಗಿತ್ತು. ಹೊರದೇಶದ ಅತಿಥಿಗಳಿಗೆ 'ಇದು ನಮ್ಮ ದೇಶ' ಅಂತ ತೋರಿಸುವ ಸಾಲಿನಲ್ಲಿ ಗೇಮಿಂಗ್ ಕೂಡ ಬಂದು ನಿಂತಾಯಿತು.

ಸರಕಾರಗಳು ಗೇಮ್ ಮೂಲಕ ಬೇರೆ ದೇಶದವರ ಮನಸ್ಸು ಗೆಲ್ಲಲು ನೋಡುವುದು ಹೊಸದಲ್ಲ. ಒಬ್ಬೊಬ್ಬರ ದಾರಿ ಒಂದೊಂದು. ಸಂಘದಲ್ಲಿ ಕಾರ್ಯಕ್ರಮ ಮಾಡುವವರಿಗೆ, ಸರಕಾರಕ್ಕೆ ಮನವಿ ಬರೆಯುವವರಿಗೆ, ಯಾವುದೋ ಕಾನ್ಸುಲೇಟ್ ಜೊತೆ ಸೇರಿ ಏನಾದರೂ ಮಾಡೋಣ ಅಂತ ಯೋಚಿಸುವವರಿಗೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು.

ಹೋಲಿಸುವಾಗ ಬಹುಮಾನದ ಮೊತ್ತ ನೋಡಬೇಡಿ. ಎಲ್ಲರೂ ಮೊದಲು ನೋಡುವುದು ಅದನ್ನೇ, ಅದರಿಂದ ತಿಳಿಯುವುದು ಬಹಳ ಕಡಿಮೆ. ಬದಲಿಗೆ ಮೂರು ಪ್ರಶ್ನೆ ಕೇಳಿ. ಆಡುವ ಗೇಮ್ ಯಾರದ್ದು? ಟೂರ್ನಮೆಂಟ್ ಮುಗಿದ ಮೇಲೆ ಊರಲ್ಲಿ ಏನು ಉಳಿಯುತ್ತದೆ? ಕಾಮೆಂಟರಿ ಯಾವ ಭಾಷೆಯಲ್ಲಿ ಕೇಳುತ್ತದೆ?

ಸೌದಿ: ಖರ್ಚು ಮಾಡಿ ಕರೆಸುವ ದಾರಿ

ಸೌದಿ ಅರೇಬಿಯಾ 2022ರ ಸೆಪ್ಟೆಂಬರ್‌ನಲ್ಲಿ ಗೇಮಿಂಗ್ ಮತ್ತು ಇ-ಸ್ಪೋರ್ಟ್ಸ್‌ಗೆ ರಾಷ್ಟ್ರೀಯ ನೀತಿಯನ್ನೇ ಹೊರಡಿಸಿತು. 2030ರ ಹೊತ್ತಿಗೆ 39,000 ಉದ್ಯೋಗ, ದೇಶದ ಆದಾಯಕ್ಕೆ 5,000 ಕೋಟಿ ರಿಯಾಲ್ ಅನ್ನುವುದು ಗುರಿ. ಸರಕಾರಿ ಹೂಡಿಕೆ ನಿಧಿಯ ಕೆಳಗಿರುವ ಸ್ಯಾವಿ ಗೇಮ್ಸ್ ಕಂಪನಿ ಅದೇ ವರ್ಷ ಇಎಸ್‌ಎಲ್, ಫೇಸಿಟ್ ಎರಡನ್ನೂ ಸೇರಿಸಿ 150 ಕೋಟಿ ಡಾಲರ್‌ಗೆ ಕೊಂಡಿತು. ಟೂರ್ನಮೆಂಟ್ ನಡೆಸುವುದರಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರುಗಳು ಇವು. 2019ರ ಏಪ್ರಿಲ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ 3 ಲಕ್ಷ ಡಾಲರ್ ಬಹುಮಾನದ, ಡೋಟಾ 2 ಅನ್ನುವ ಗೇಮ್‌ನ ಟೂರ್ನಮೆಂಟ್ ನಡೆಸಿದ್ದು ಇದೇ ಇಎಸ್‌ಎಲ್. ಆಗ ನೋಡಲು ಹೋದವರು ನಿಮ್ಮ ಕಟ್ಟಡದಲ್ಲೇ ಒಬ್ಬಿಬ್ಬರು ಸಿಗಬಹುದು.

2024ರಲ್ಲಿ ರಿಯಾದ್‌ನಲ್ಲಿ ಮೊದಲ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ ಆಯಿತು. ಎಂಟು ವಾರ, 6 ಕೋಟಿ ಡಾಲರ್‌ಗೂ ಮೀರಿದ ಬಹುಮಾನ. 2025ರಲ್ಲಿ ಅದು 7 ಕೋಟಿ ದಾಟಿತು, ರೊನಾಲ್ಡೊ ರಾಯಭಾರಿಯಾದ, ಚೆಸ್ ಕೂಡ ಸೇರಿತು. ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದ ಆ ಚೆಸ್‌ನಲ್ಲಿ ನಮ್ಮ ಅರ್ಜುನ್ ಎರಿಗೈಸಿ ನಾಲ್ಕನೆಯವನಾದ.

ಊರ ಕಡೆ ಯಕ್ಷಗಾನದ ಹರಕೆ ಆಟ ಆಡಿಸುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಖರ್ಚು ಆಡಿಸುವವರದು, ಪ್ರಸಂಗ ಯಾವುದು ಅಂತ ಹೇಳುವುದೂ ಅವರೇ. ಮೇಳಕ್ಕೆ ವೀಳ್ಯ ಸಿಗುತ್ತದೆ, ಬಂದವರಿಗೆ ಊಟ ಸಿಗುತ್ತದೆ, ಆಡಿಸಿದವರ ಹೆಸರು ನಾಲ್ಕೂರಿಗೆ ಗೊತ್ತಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಒಂದು ರಾತ್ರಿಯಿಂದ ಆ ಮನೆಯಲ್ಲಿ ಭಾಗವತರು ಹುಟ್ಟುವುದಿಲ್ಲ.

ಸೌದಿಗೆ ಇನ್ನೊಂದು ತಲೆನೋವು ಇದೆ. ಹಣ ಕೊಟ್ಟರೂ ಒಲವು ಬರುತ್ತದೆ ಅನ್ನುವ ಖಾತ್ರಿ ಇಲ್ಲ. 2020ರ ಜುಲೈಯಲ್ಲಿ ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಗೇಮ್‌ನ ಯುರೋಪ್ ಲೀಗ್, ಸೌದಿಯ ನಿಯೋಮ್ ನಗರ ಯೋಜನೆಯ ಜೊತೆ ಪ್ರಾಯೋಜಕತ್ವದ ಒಪ್ಪಂದ ಪ್ರಕಟಿಸಿತು. ಅಭಿಮಾನಿಗಳು ತಿರುಗಿ ಬಿದ್ದರು. ಅದೇ ಲೀಗ್‌ನ ಕಾಮೆಂಟೇಟರ್‌ಗಳೂ ವಿರೋಧಿಸಿದರು. ಮಾನವ ಹಕ್ಕುಗಳ ಮಾತು ಬಂತು. ಹೆಚ್ಚುಕಡಿಮೆ ಒಂದು ದಿನದೊಳಗೆ ಒಪ್ಪಂದ ರದ್ದಾಯಿತು. ಒಲಿಂಪಿಕ್ ಸಮಿತಿಯ ಕಥೆಯೂ ಹಾಗೇ. ಒಲಿಂಪಿಕ್ ಇ-ಸ್ಪೋರ್ಟ್ಸ್ ಗೇಮ್ಸ್‌ಗೆ 2024ರಲ್ಲಿ ಸೌದಿ ಜೊತೆ 12 ವರ್ಷದ ಪಾಲುದಾರಿಕೆ ಅಂದರು, ಮೊದಲ ಕೂಟ 2025ರಲ್ಲಿ ಅಂದರು, ಆಮೇಲೆ 2027 ಅಂದರು, 2025ರ ಅಕ್ಟೋಬರ್‌ನಲ್ಲಿ ಇಬ್ಬರೂ ಕೈಕುಲುಕಿ ಬೇರೆಯಾದರು.

ಗೇಮ್ ಯಾರದ್ದು ಅನ್ನುವ ಪ್ರಶ್ನೆಗೆ ಸೌದಿಯ ಉತ್ತರ ಸರಳ: ಇಲ್ಲದಿದ್ದರೆ ಕೊಂಡುಬಿಡು. ಫುಟ್‌ಬಾಲ್ ಗೇಮ್‌ಗಳಿಗೆ ಹೆಸರಾದ ಇಎ ಕಂಪನಿಯನ್ನು 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಕೊಳ್ಳುವವರಲ್ಲಿ ಮುಖ್ಯ ಪಾಲು ಆ ಸೌದಿ ನಿಧಿಯದ್ದೇ. ಈ ದಾರಿ ನಮ್ಮ ಸಂಘಕ್ಕೂ ಅಲ್ಲ, ನಮ್ಮ ರಾಜ್ಯ ಸರಕಾರಕ್ಕೂ ಅಲ್ಲ. ಸುಮ್ನೆ ಆಸೆಪಟ್ಟು ಪ್ರಯೋಜನವಿಲ್ಲ.

ಕೊರಿಯಾ: ಇಪ್ಪತ್ತೈದು ವರ್ಷದ ಕೆಲಸ

ದಕ್ಷಿಣ ಕೊರಿಯಾ ಯಾರನ್ನೂ ಮೆಚ್ಚಿಸಲು ಶುರು ಮಾಡಿದ್ದಲ್ಲ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದವರು ಕಂಪ್ಯೂಟರ್ ಅಂಗಡಿ ತೆರೆದರು. ಅಲ್ಲಿ ಅವುಗಳಿಗೆ ಪಿಸಿ ಬ್ಯಾಂಗ್ ಅನ್ನುತ್ತಾರೆ. ಗಂಟೆಗಿಷ್ಟು ಅಂತ ಕೊಟ್ಟು ಕೂತು ಆಡುವ ಜಾಗ. ಅದೇ ಹೊತ್ತಿಗೆ ಸರಕಾರ ಊರೂರಿಗೆ ವೇಗದ ಇಂಟರ್ನೆಟ್ ಎಳೆಯಿತು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಅನ್ನುವ ಗೇಮ್ ಬಂತು. ಹುಡುಗರು ಹುಚ್ಚೆದ್ದು ಆಡಿದರು, ಟಿವಿ ಚಾನೆಲ್‌ಗಳು ಅದನ್ನು ತೋರಿಸಿದವು. 2000ದಲ್ಲಿ ಕೊರಿಯಾ ಇ-ಸ್ಪೋರ್ಟ್ಸ್ ಸಂಘ ಹುಟ್ಟಿತು. ಅದನ್ನು ಸೇರಿಸಿಕೊಂಡದ್ದು ಸಂಸ್ಕೃತಿ ಇಲಾಖೆ. ಪೊಲೀಸ್ ಇಲಾಖೆಯೋ ಐಟಿ ಇಲಾಖೆಯೋ ಅಲ್ಲ, ಸಂಸ್ಕೃತಿ ಇಲಾಖೆ! ಈ ಒಂದು ಕಡತ ಯಾವ ಮೇಜಿನ ಮೇಲೆ ಹೋಯಿತು ಅನ್ನುವುದರಿಂದ ಮುಂದಿನ ಎಷ್ಟೋ ವಿಷಯ ತೀರ್ಮಾನವಾಯಿತು ಅಂತ ನನ್ನ ಲೆಕ್ಕ.

ಆಮೇಲೆ ಒಂದೊಂದೇ ಇಟ್ಟಿಗೆ. 2001ರಲ್ಲಿ ಸಿಯೋಲ್‌ನಲ್ಲಿ ವರ್ಲ್ಡ್ ಸೈಬರ್ ಗೇಮ್ಸ್, ಸ್ಯಾಮ್‌ಸಂಗ್ ಪ್ರಾಯೋಜಕ. ಮುಂದೆ ಅದು ಸ್ಯಾನ್ ಫ್ರಾನ್ಸಿಸ್ಕೊ, ಸಿಂಗಾಪುರ, ಇಟಲಿಯ ಮೊನ್ಜಾ, ಜರ್ಮನಿಯ ಕಲೋನ್ ಅಂತ ಊರೂರು ಸುತ್ತಿತು. 2008ರಲ್ಲಿ ಅಂತರರಾಷ್ಟ್ರೀಯ ಇ-ಸ್ಪೋರ್ಟ್ಸ್ ಒಕ್ಕೂಟ ಹುಟ್ಟಿತು, ಮುಂದೆ ಅದರ ಕಚೇರಿ ಬುಸಾನ್‌ನಲ್ಲಿ ಕೂತಿತು. 2012ರಲ್ಲಿ ಇ-ಸ್ಪೋರ್ಟ್ಸ್ ಉತ್ತೇಜನಕ್ಕೇ ಒಂದು ಕಾಯಿದೆ ಬಂತು. ಆಮೇಲೆ ಬುಸಾನ್, ಗ್ವಾಂಗ್‌ಜು, ಡೇಜಿಯಾನ್ ನಗರಗಳಲ್ಲಿ ಸಾರ್ವಜನಿಕ ಹಣದಲ್ಲೇ ಇ-ಸ್ಪೋರ್ಟ್ಸ್ ಕ್ರೀಡಾಂಗಣ.

ಫಲ ಏನು? ಲೀ ಸಾಂಗ್-ಹ್ಯೋಕ್, ಅಂದರೆ ಫೇಕರ್. 2013ರಲ್ಲಿ ಮೊದಲ ಸಲ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್, 2024ರಲ್ಲೂ ಚಾಂಪಿಯನ್. ನಮ್ಮ ಥಾಣೆ, ಡೊಂಬಿವಲಿಯ ಹುಡುಗರಿಗೆ ಕೊರಿಯಾದ ಅಧ್ಯಕ್ಷರ ಹೆಸರು ಕೇಳಿ ನೋಡಿ, ತಲೆ ಕೆರೆಯುತ್ತಾರೆ. ಫೇಕರ್ ಯಾರು ಅಂತ ಕೇಳಿ. ಗೇಮ್ ಆಡುವವನಾದರೆ ಅರ್ಧ ಗಂಟೆ ಮಾತಾಡುತ್ತಾನೆ. ಇನ್ನೂ ಹತ್ತಿರದ ಸಂಬಂಧವೂ ಇದೆ. ಮುಂಬೈಯ ಗ್ಲೋಬಲ್ ಇಸ್ಪೋರ್ಟ್ಸ್ ತಂಡ 2023ರಿಂದ ವ್ಯಾಲರೆಂಟ್ ಅನ್ನುವ ಗೇಮ್‌ನ ಪೆಸಿಫಿಕ್ ಲೀಗ್‌ನಲ್ಲಿ ಆಡುತ್ತಿದೆ. ಆ ಲೀಗ್‌ನ ಮನೆ ಸಿಯೋಲ್. ಮುಂಬೈ ತಂಡವನ್ನು ಬೆಂಬಲಿಸಬೇಕಾದರೆ ನಮ್ಮ ಮಕ್ಕಳು ಸಿಯೋಲ್ ಕಡೆ ಮುಖ ಮಾಡಿ ಕೂರುತ್ತಾರೆ. ಅದಕ್ಕೆ ಕೊರಿಯಾ ಸರಕಾರ ಮುಂಬೈಯಲ್ಲಿ ಒಂದು ಬ್ಯಾನರ್ ಕೂಡ ಕಟ್ಟಬೇಕಾಗಿಲ್ಲ. ರಾಯಭಾರಿ ಕಚೇರಿ ಮಾಡುವ ಕೆಲಸ ಇದೇ ಅಲ್ವಾ?

ಕೊರಿಯಾವನ್ನು ಪೂರ್ತಿ ಹೊಗಳಲೂ ಆಗುವುದಿಲ್ಲ. ಹೊರಗೆ ಗೇಮ್ ಮಾರುತ್ತಿದ್ದಾಗಲೇ ಒಳಗೆ, 2011ರಲ್ಲಿ, 16ರ ಒಳಗಿನ ಮಕ್ಕಳು ನಡುರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡಬಾರದು ಅಂತ ಕಾನೂನು ಮಾಡಿದರು. ಅದು ಹೋಗಿದ್ದು 2022ರಲ್ಲಿ. 2010ರಲ್ಲಿ ಸ್ಟಾರ್‌ಕ್ರಾಫ್ಟ್ ಆಟಗಾರರ ಮ್ಯಾಚ್ ಫಿಕ್ಸಿಂಗ್ ಹಗರಣವೂ ಆಯಿತು. ಮುಖ್ಯ ಕೊರತೆ ಬೇರೆ. ಫೇಕರ್ ಆಡುವ ಗೇಮ್ ಕೊರಿಯಾದ್ದಲ್ಲ. ಮಾಡಿದ್ದು ಅಮೆರಿಕದ ರಯಟ್, ಅದರ ಮಾಲೀಕ ಚೀನಾದ ಟೆನ್ಸೆಂಟ್.

ಉಳಿಯುವುದು ಏನು ಅನ್ನುವ ಪ್ರಶ್ನೆಗೆ ಮಾತ್ರ ಕೊರಿಯಾದಷ್ಟು ಒಳ್ಳೆಯ ಉತ್ತರ ಯಾರಲ್ಲೂ ಇಲ್ಲ. ಕ್ರೀಡಾಂಗಣ, ಕಾಯಿದೆ, ಕೋಚ್‌ಗಳು, ಕಾಮೆಂಟೇಟರ್‌ಗಳು, ಎರಡು ತಲೆಮಾರಿನ ಪ್ರೇಕ್ಷಕರು.

ಚೀನಾ: ಪದಕದ ದಾರಿ

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಹಾರ್ತ್‌ಸ್ಟೋನ್ ಅನ್ನುವ ಗೇಮ್‌ನಲ್ಲಿ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದ. ಮುಂದಿನ ಕೂಟ ಹಾಂಗ್‌ಝೌನಲ್ಲಿ, ಈ ಸಲ ನಿಜವಾದ ಪದಕ. ಹಾರ್ತ್‌ಸ್ಟೋನ್ ಪಟ್ಟಿಯಲ್ಲಿತ್ತು. ಆದರೆ 2023ರ ಜನವರಿಯಲ್ಲಿ ಅದರ ಅಮೆರಿಕನ್ ಕಂಪನಿ ಬ್ಲಿಜರ್ಡ್‌ಗೂ ಚೀನಾದ ನೆಟ್‌ಈಸ್‌ಗೂ ವ್ಯವಹಾರ ಮುರಿದುಬಿತ್ತು. ಗೇಮ್ ಚೀನಾದಲ್ಲಿ ನಿಂತಿತು, ಪದಕದ ಪಟ್ಟಿಯಿಂದಲೂ ಹೋಯಿತು. ಎರಡು ಕಂಪನಿ ಜಗಳವಾಡಿದ್ದಕ್ಕೆ ಒಂದು ಕ್ರೀಡೆಯೇ ಮಾಯ! ಕಬಡ್ಡಿಗೆ ಹೀಗೆ ಆಗಲು ಸಾಧ್ಯವೇ? ಕಬಡ್ಡಿಗೆ ಮಾಲೀಕರಿಲ್ಲ. ಇ-ಸ್ಪೋರ್ಟ್ಸ್‌ಗೆ ಇದ್ದಾರೆ.

ಉಳಿದ ಏಳು ಗೇಮ್‌ಗಳಲ್ಲಿ ಚೀನಾ ನಾಲ್ಕು ಚಿನ್ನ ಗೆದ್ದಿತು. ಅದರಲ್ಲಿ ಒಂದು ಗೇಮ್ ಹಾಂಗ್‌ಝೌ ಕಂಪನಿಯೇ ಮಾಡಿದ್ದು, ಚೀನಾದ ಹಳೆಯ ಮೂರು ರಾಜ್ಯಗಳ ಕಥೆಯದ್ದು. ಆತಿಥೇಯರು ತಮ್ಮ ಗೇಮ್, ತಮ್ಮ ಕಥೆ, ತಮ್ಮ ಮೈದಾನ ಎಲ್ಲವನ್ನೂ ಒಟ್ಟಿಗೆ ತೋರಿಸಿದರು. ಜಾಣತನವೇ ಸರಿ. ಆದರೆ ಅದೇ ದೇಶದಲ್ಲಿ 2021ರಿಂದ ಮಕ್ಕಳು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಆಡಬಹುದು.

ಭಾರತ ಸರಕಾರದ ಒಲವು ಸದ್ಯಕ್ಕೆ ಈ ಪದಕದ ದಾರಿಯ ಕಡೆಗೇ. 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾಕೂಟದ ಭಾಗವಾಗಿ ಕ್ರೀಡಾ ಇಲಾಖೆಗೆ ಒಪ್ಪಿಸಿದರು. ಆನ್‌ಲೈನ್ ಗೇಮಿಂಗ್ ಐಟಿ ಸಚಿವಾಲಯಕ್ಕೆ ಹೋಯಿತು. ವೇವ್ಸ್ ನಡೆಸಿದ್ದು ವಾರ್ತಾ ಮತ್ತು ಪ್ರಸಾರ ಇಲಾಖೆ. ಒಂದು ವಿಷಯ, ಮೂರು ಕಚೇರಿ. ಕೊರಿಯಾದ ಆ ಒಂದು ಮೇಜು ಮತ್ತೆ ನೆನಪಾಗುತ್ತದೆ. ನಮ್ಮ ಮನವಿ ಯಾರಿಗೆ ಬರೆಯಬೇಕು ಅನ್ನುವುದೇ ಮೊದಲ ಗೊಂದಲ.

ಸಂಘದ ಮಟ್ಟದಲ್ಲಿ ಪದಕದ ದಾರಿಯಿಂದ ಆಗುವ ಕೆಲಸ ಕಡಿಮೆ. ಆಟಗಾರ ಇದ್ದರೆ ಒಕ್ಕೂಟದ ಆಯ್ಕೆ ಪಂದ್ಯಕ್ಕೆ ಕಳಿಸಿ, ಪ್ರಯಾಣದ ಖರ್ಚು ಕೊಡಿ. ಅಷ್ಟು ಸಾಕು.

ಕಾಟೊವಿಟ್ಸೆ: ಒಂದು ಊರು, ಒಂದು ಹಾಲ್

ನನಗೆ ಜಾಸ್ತಿ ಇಷ್ಟವಾದದ್ದು ಇದು. ಪೋಲೆಂಡಿನ ಕಾಟೊವಿಟ್ಸೆ ಕಲ್ಲಿದ್ದಲು ಗಣಿಗಳ ಊರು. ಗಣಿ ಮುಚ್ಚುತ್ತಾ ಬಂದವು. ಊರಿಗೆ ಹೊಸ ಗುರುತು ಬೇಕಿತ್ತು. ಅಲ್ಲಿ 1971ರಲ್ಲಿ ಕಟ್ಟಿದ ಸ್ಪೋಡೆಕ್ ಅನ್ನುವ, ಹಾರುವ ತಟ್ಟೆಯಂತೆ ಕಾಣುವ ಕ್ರೀಡಾಂಗಣ ಇತ್ತು. 2013ರಲ್ಲಿ ನಗರಸಭೆ ಅದನ್ನು ಇಂಟೆಲ್ ಎಕ್ಸ್‌ಟ್ರೀಮ್ ಮಾಸ್ಟರ್ಸ್ ಅನ್ನುವ ಟೂರ್ನಮೆಂಟ್‌ಗೆ ತೆರೆಯಿತು. ವರ್ಷವೂ ಅದೇ ಊರು, ಅದೇ ಹಾಲ್, ಅದೇ ಚಳಿಗಾಲದ ಕೊನೆ. ಕೌಂಟರ್-ಸ್ಟ್ರೈಕ್ ಆಡುವವರಿಗೆ ಆ ಊರು ತೀರ್ಥಕ್ಷೇತ್ರವಾಯಿತು. ವಾರ್ಸಾ ಎಲ್ಲಿದೆ ಅಂತ ಗೊತ್ತಿಲ್ಲದ ಹುಡುಗನಿಗೂ ಕಾಟೊವಿಟ್ಸೆ ಗೊತ್ತು.

ಪೋಲೆಂಡಿನ ಕೇಂದ್ರ ಸರಕಾರವೂ ಸುಮ್ಮನೆ ಕೂರಲಿಲ್ಲ. 2011ರಲ್ಲಿ ಒಬಾಮ ಬಂದಾಗ ಪ್ರಧಾನಿ ಡೊನಾಲ್ಡ್ ಟುಸ್ಕ್ ಕೊಟ್ಟ ಉಡುಗೊರೆಗಳಲ್ಲಿ ಪೋಲೆಂಡಿನಲ್ಲೇ ತಯಾರಾದ ದಿ ವಿಚರ್ 2 ಗೇಮ್ ಇತ್ತು. ದೇಶದ ಪ್ರಧಾನಿ ಇನ್ನೊಂದು ದೇಶದ ಅಧ್ಯಕ್ಷರಿಗೆ ವಿಡಿಯೊ ಗೇಮ್ ಕೊಡುವುದು ಆಗ ನಗುವ ವಿಷಯವಾಗಿರಬಹುದು. ಈಗ ಯಾರೂ ನಗುವುದಿಲ್ಲ.

ಈ ದಾರಿಯ ಅಪಾಯವೂ ಸ್ಪಷ್ಟ. ಟೂರ್ನಮೆಂಟ್ ಇಎಸ್‌ಎಲ್‌ದು. ಇಎಸ್‌ಎಲ್ 2022ರಿಂದ ಸೌದಿಯವರದ್ದು. 2026ಕ್ಕೆ ಆ ಪಂದ್ಯ ಕ್ರಾಕುವ್ ನಗರಕ್ಕೆ ಹೋಯಿತು. ಹಾಲ್ ನಿಮ್ಮದಾದರೂ ಪಂದ್ಯ ಬೇರೆಯವರದ್ದಾದರೆ ಹೀಗಾಗುತ್ತದೆ. ಆದರೂ ಹದಿಮೂರು ವರ್ಷದಲ್ಲಿ ಒಂದು ಊರು ಇಷ್ಟು ಹೆಸರು ಗಳಿಸಿದ್ದು ಸಣ್ಣ ಮಾತಲ್ಲ. ಗೋವಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2004ರಿಂದ ಇಫಿ ಚಿತ್ರೋತ್ಸವ ಪಣಜಿಯಲ್ಲೇ ನೆಲೆ ನಿಂತ ಮೇಲೆ ಏನಾಯಿತು ಅಂತ ಅವರು ಕಣ್ಣಾರೆ ನೋಡಿದ್ದಾರೆ.

ಪುಣೆ: ನಮ್ಮದೇ ಗೇಮ್

ಪುಣೆಯ ಓದುಗರು ಇಲ್ಲಿ ಸ್ವಲ್ಪ ನಿಲ್ಲಿ. 2020ರಲ್ಲಿ ಬಂದ ರಾಜಿ ಗೇಮ್ ಮಾಡಿದ್ದು ನಿಮ್ಮ ಊರಿನ ನಾಡಿಂಗ್ ಹೆಡ್ಸ್. ಹಳೆಯ ಕಾಲದ ಭಾರತದ ಹುಡುಗಿ, ಕಳೆದುಹೋದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಜನರಿಂದ ಹಣ ಕೂಡಿಸುವ ಪ್ರಯತ್ನ ಮೊದಲು ಕೈಗೂಡಲಿಲ್ಲ. ಆದರೂ ಗೇಮ್ ಮುಗಿಸಿದರು, ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಹೊಸಬರ ವಿಭಾಗದಲ್ಲಿ ನಾಮನಿರ್ದೇಶನವೂ ಸಿಕ್ಕಿತು. ಒಬ್ಬರೇ ಆಡುವ ಗೇಮ್, ಆದ್ದರಿಂದ ಇ-ಸ್ಪೋರ್ಟ್ಸ್ ಅಲ್ಲ. ಆ ಲೆಕ್ಕಕ್ಕೆ 2024ರ ಅಕ್ಟೋಬರ್‌ನಲ್ಲಿ ಬಂದ ಇಂಡಸ್ ಇದೆ. ಅದನ್ನು ಮಾಡಿದ ಸೂಪರ್‌ಗೇಮಿಂಗ್ ಕೂಡ ಪುಣೆಯದ್ದೇ.

ನಮ್ಮದೇ ಗೇಮ್ ಇರುವುದು ಯಾಕೆ ಮುಖ್ಯ ಅಂತ ಬಿಜಿಎಂಐ, ಅಂದರೆ ಪಬ್ಜಿಯ ಭಾರತದ ಆವೃತ್ತಿ, ಆಡುವವರು ಬಲ್ಲರು. ಪಬ್ಜಿ ಕೊರಿಯಾದ ಗೇಮ್, ಭಾರತದಲ್ಲಿ ಮೊಬೈಲ್‌ಗೆ ತಂದದ್ದು ಚೀನಾದ ಟೆನ್ಸೆಂಟ್. ಗಲ್ವಾನ್ ಆದ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ. 2021ರಲ್ಲಿ ಕೊರಿಯಾದ ಕ್ರಾಫ್ಟನ್ ನೇರವಾಗಿ ಬಿಜಿಎಂಐ ತಂದಿತು. 2022ರ ಜುಲೈಯಲ್ಲಿ ಅದೂ ಬಂದ್. 2023ರ ಮೇಯಲ್ಲಿ ಮತ್ತೆ ಶುರು. ಗಡಿಯಲ್ಲಿ ಏನೋ ಆದರೆ ಘಾಟ್ಕೋಪರ್‌ನ ತಂಡದ ಅಭ್ಯಾಸ ನಿಲ್ಲುತ್ತದೆ. ಪರರ ಗೇಮ್ ಮೇಲೆ ಸ್ನೇಹದ ಸೇತುವೆ ಕಟ್ಟಿದರೆ ಕೀಲಿ ಅವರ ಹತ್ತಿರವೇ ಇರುತ್ತದೆ.

ನೀತಿಯ ಮಟ್ಟದಲ್ಲಿ ನಮಗೆ ಒಂದು ಅನುಕೂಲ ಇದೆ. ಅನಿಮೇಷನ್, ಗೇಮಿಂಗ್‌ಗೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ಮಾಡಿದ ರಾಜ್ಯ ಕರ್ನಾಟಕ. ಈಗಿನದ್ದು 2024ರಿಂದ 2029ರವರೆಗಿನದು. ಮಹಾರಾಷ್ಟ್ರ 2025ರಲ್ಲಿ ತನ್ನ ನೀತಿ ತಂದಿತು. ಎರಡೂ ರಾಜ್ಯದಲ್ಲಿ ಕಾಲಿಟ್ಟಿರುವವರು ನಾವು. ಎರಡೂ ಕಡೆ ಒಂದೇ ಮನವಿ ಕೊಡಬಹುದು: ಬೆಂಗಳೂರಿನ ಮತ್ತು ಪುಣೆಯ ವಿದ್ಯಾರ್ಥಿಗಳು ಸೇರಿ ಗೇಮ್ ಮಾಡುವ ವಿನಿಮಯ ಕಾರ್ಯಕ್ರಮ ಬೇಕು ಅಂತ. ಬಹುಮಾನದ ಹಣ ಕೇಳಬೇಡಿ. ಅದು ಒಂದು ವರ್ಷ ಬರುತ್ತದೆ, ಮುಂದಿನ ವರ್ಷ ಇಲ್ಲ.

ಹಾಗಾದರೆ ಸಂಘ ಏನು ಹಿಡಿಯಬೇಕು

ಮುಂಬೈಯವರಿಗೆ ನನ್ನ ಸಲಹೆ: ಕೊರಿಯಾದ ತಾಳ್ಮೆ, ಕಾಟೊವಿಟ್ಸೆಯ ಅಳತೆ. ವರ್ಷಕ್ಕೊಂದು ಟೂರ್ನಮೆಂಟ್, ಒಂದೇ ಜಾಗ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಕಡೆ ನಾಟಕ, ಉಪನ್ಯಾಸ ನಡೆದು ಬಂದದ್ದೂ ಹೀಗೇ, ಜಾಗ ಖಾಯಂ ಇದ್ದುದರಿಂದ. ಕೊರಿಯಾ, ಪೋಲೆಂಡ್, ಚೀನಾ, ಸೌದಿ ನಾಲ್ಕೂ ದೇಶದ ಕಾನ್ಸುಲೇಟ್ ಮುಂಬೈಯಲ್ಲೇ ಇವೆ. ಮೊದಲ ಪತ್ರ ಕೊರಿಯಾ ಮತ್ತು ಪೋಲೆಂಡ್‌ಗೆ ಬರೆಯಿರಿ. ಹಣ ಬೇಡ, ಒಬ್ಬ ಕೋಚ್‌ನೋ ಗೇಮ್ ಮಾಡುವವರನ್ನೋ ಆನ್‌ಲೈನ್‌ನಲ್ಲಿ ಮಾತಾಡಿಸಿ ಅಂತ ಕೇಳಿ.

ಯಾವ ಗೇಮ್? ಮೊದಲ ವರ್ಷಕ್ಕೆ ಆನ್‌ಲೈನ್ ಚೆಸ್. ಹುಡುಗರು ಮುಖ ಸಿಂಡರಿಸುತ್ತಾರೆ, ಗೊತ್ತು. ಆದರೆ ರಿಯಾದ್‌ನ ಆ ದೊಡ್ಡ ಪಟ್ಟಿಯಲ್ಲಿ ಮಾಲೀಕರಿಲ್ಲದ ಆಟ ಅದೊಂದೇ. ಅನುಮತಿ ಬೇಡ, ನಿಷೇಧದ ಭಯವಿಲ್ಲ, ಹಿರಿಯರೂ ಕೂತು ನೋಡುತ್ತಾರೆ, ಕಾಟೊವಿಟ್ಸೆಯ ಯಾವುದೋ ಚೆಸ್ ಕ್ಲಬ್ ಜೊತೆ ಅದೇ ಸಂಜೆ ಪಂದ್ಯ ಆಡಿಸಬಹುದು. ಜೊತೆಗೆ ಹುಡುಗರ ಇಷ್ಟದ ಒಂದು ಗೇಮ್ ಇರಲಿ. ಅದಕ್ಕೆ ಮಾತ್ರ ಆ ಕಂಪನಿಯ ಟೂರ್ನಮೆಂಟ್ ನಿಯಮ ಮೊದಲೇ ಓದಿ.

ಕಾಮೆಂಟರಿ ಕನ್ನಡದಲ್ಲಿ ಇರಲೇಬೇಕು. ಇದರಲ್ಲಿ ರಾಜಿ ಬೇಡ. ಮುಂಬೈಯಲ್ಲಿ ಹುಟ್ಟಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳು ಎಷ್ಟೋ ಇದ್ದಾರೆ, ಆದರೆ ಅವರಿಗೆ ಮಾತು ಬರುತ್ತದೆ. ಅಂಥವರಿಗೆ ಮೈಕ್ ಕೊಡಿ. ಯಕ್ಷಗಾನದ ಅರ್ಥಧಾರಿಗಳು ಇದ್ದರೆ ಅವರಲ್ಲೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಚೆಸ್‌ನಲ್ಲಿ ಆನೆ ಬಿದ್ದದ್ದನ್ನು ಅವರ ಬಾಯಲ್ಲಿ ಕೇಳುವ ಮಜವೇ ಬೇರೆ.

ಕಾನೂನಿನ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಗೇಮ್‌ಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಟ್ಟಿದೆ. ಆ ಕಾಯಿದೆಯಂತೆ ಮಾನ್ಯತೆ, ನೋಂದಣಿ ಪಡೆದ ಇ-ಸ್ಪೋರ್ಟ್ಸ್‌ಗೆ ಪ್ರವೇಶ ಶುಲ್ಕ ಮತ್ತು ಗೆದ್ದವರಿಗೆ ಬಹುಮಾನ ಇರಬಹುದು, ಬಾಜಿ ಇರಕೂಡದು. ಪೋಸ್ಟರ್‌ನಲ್ಲಿ ಶುಲ್ಕ ಯಾತಕ್ಕೆ ಅಂತ ಸ್ಪಷ್ಟವಾಗಿ ಬರೆಯಿರಿ. ಪ್ರಾಯೋಜಕರು ಯಾರು, ಅವರ ವ್ಯಾಪಾರ ಏನು ಅಂತಲೂ ಒಮ್ಮೆ ನೋಡಿಕೊಳ್ಳಿ.

ದಿನಾಂಕ ಫೆಬ್ರವರಿ, ಮಾರ್ಚ್‌ನಲ್ಲಿ ಬೇಡ, ಬೋರ್ಡ್ ಪರೀಕ್ಷೆ ಇರುತ್ತದೆ. ಜುಲೈಯಲ್ಲಿ ಲೋಕಲ್ ನಿಂತರೆ ಅರ್ಧ ತಂಡ ಕುರ್ಲಾದಲ್ಲೇ ಉಳಿಯುತ್ತದೆ. ರಾಜ್ಯೋತ್ಸವದ ಗದ್ದಲ ಮುಗಿದ ಮೇಲೆ, ನವೆಂಬರ್ ಕೊನೆಯ ಭಾನುವಾರ ಹಾಲ್ ಖಾಲಿ ಸಿಗುತ್ತದಾ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ. ಮದುವೆ ಸೀಸನ್, ಬೇಗ ಬುಕ್ ಆಗಿಬಿಡುತ್ತದೆ.